ಮುಟ್ಟದೆ ಇಟ್ಟ ಫೋನಿನ ಚಾರ್ಜ್ ಎಲ್ಲಿಗೆ ಹೋಯಿತು? ರಾತ್ರಿ ಪರೀಕ್ಷೆಯಿಂದ ದೋಷ ಪತ್ತೆ

ಬ್ಯಾಟರಿ ಬೇಗ ಖಾಲಿಯಾಗುತ್ತದೆ ಎಂಬ ಒಂದೇ ದೂರಿನೊಳಗೆ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುತ್ತವೆ. ದಿನವಿಡೀ ವಿಡಿಯೊ ನೋಡಿ, ಮನೆಮಂದಿಗೆಲ್ಲ ಹಾಟ್‌ಸ್ಪಾಟ್ ಕೊಟ್ಟು, ಬಿಸಿಲಿನಲ್ಲಿ ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡವರ ಫೋನು ಸಂಜೆಗೆ ಸ್ವಿಚ್ ಆಫ್ ಆದರೆ ಅದನ್ನು ದೋಷ ಎನ್ನಲಾಗದು. ಬಳಸಿದ್ದಕ್ಕೆ ತಕ್ಕಂತೆ ಖರ್ಚಾಗಿದೆ ಅಷ್ಟೇ. ಆದರೆ ರಾತ್ರಿ ಶೇ 90 ಇದ್ದ ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದು ಬೆಳಗ್ಗೆ ಶೇ 62ಕ್ಕೆ ಇಳಿದಿದ್ದರೆ ಎಲ್ಲೋ ಏನೋ ಕೆಟ್ಟಿದೆ. ಇಲ್ಲಿ ಹೇಳಹೊರಟಿರುವುದು ಈ ಎರಡನೆಯದನ್ನು, ಮುಖ್ಯವಾಗಿ ಆಂಡ್ರಾಯ್ಡ್ ಫೋನುಗಳನ್ನು ಕುರಿತು.

ಇಂಥ ದೋಷ ಕಂಡಾಗ ಬಹುಪಾಲು ಜನ ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ಬ್ಯಾಟರಿ ಉಳಿಸುವ ಇಪ್ಪತ್ತು ಉಪಾಯ’ಗಳನ್ನು ಒಂದೇ ಸಂಜೆ ಜಾರಿಗೆ ತಂದುಬಿಡುತ್ತಾರೆ. ಲೊಕೇಶನ್ ಬಂದ್, ಬ್ಲೂಟೂತ್ ಬಂದ್, ಸಿಂಕ್ ಬಂದ್. ಮರುದಿನ ಬ್ಯಾಟರಿ ಸುಧಾರಿಸಿದರೂ ಯಾವುದರಿಂದ ಸುಧಾರಿಸಿತು ಎಂಬುದು ತಿಳಿಯುವುದಿಲ್ಲ. ಇಮೇಲ್ ತಡವಾಗಿ ಬರುತ್ತಿದೆ, ಮ್ಯಾಪ್ ದಾರಿ ತೋರಿಸುತ್ತಿಲ್ಲ ಎಂದು ವಾರದೊಳಗೆ ಒಂದೊಂದನ್ನೇ ಮತ್ತೆ ಆನ್ ಮಾಡುತ್ತಾರೆ, ದೋಷವೂ ಸದ್ದಿಲ್ಲದೆ ಮರಳುತ್ತದೆ. ಮನೆಯ ಟ್ಯಾಂಕಿನ ನೀರು ಸೋರುತ್ತಿದ್ದರೆ ಪ್ಲಂಬರ್ ಏನು ಮಾಡುತ್ತಾನೆ? ನಲ್ಲಿಗಳನ್ನೆಲ್ಲ ಮುಚ್ಚಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಗ್ಗೆ ಬಂದು ನೋಡಿ, ಆಮೇಲೆ ಒಂದೊಂದೇ ವಾಲ್ವ್ ತಿರುಗಿಸುತ್ತಾನೆ. ಫೋನಿಗೂ ಇದೇ ಕ್ರಮ: ಮೊದಲು ಅಳತೆ, ಆಮೇಲೆ ರಾತ್ರಿಗೆ ಒಂದೇ ಬದಲಾವಣೆ.

ಮೊದಲ ರಾತ್ರಿ: ಏನನ್ನೂ ಬದಲಿಸಬೇಡಿ

ಮಲಗುವ ಮುಂಚೆ ಫೋನನ್ನು ಚಾರ್ಜರ್‌ನಿಂದ ಬಿಡಿಸಿ, ಶೇ 90ರ ಸುಮಾರಿಗೆ ಬಂದ ಮೇಲೆ ಹೊತ್ತು ಮತ್ತು ಶೇಕಡಾವಾರನ್ನು ಕಾಗದದ ಮೇಲೆ ಬರೆದಿಡಿ. ಶೇ 100ರಿಂದ ಶುರು ಮಾಡಬೇಡಿ. ಹಲವು ಫೋನುಗಳು ಚಾರ್ಜರ್ ತೆಗೆದ ಮೇಲೂ ಸ್ವಲ್ಪ ಹೊತ್ತು ನೂರನ್ನೇ ತೋರಿಸುತ್ತಿರುತ್ತವೆ, ಲೆಕ್ಕ ತಪ್ಪುತ್ತದೆ. ಬೆಳಗ್ಗೆ ಎದ್ದ ಕೂಡಲೇ, ಸಂದೇಶ ನೋಡುವ ಮೊದಲೇ, ಮತ್ತೆ ಬರೆದುಕೊಳ್ಳಿ.

ಈಗ ಸಣ್ಣ ಲೆಕ್ಕ. ಇಂದಿನ ಬಹುತೇಕ ಫೋನುಗಳ ಬ್ಯಾಟರಿ 5000 ಎಂಎಎಚ್ (ಬ್ಯಾಟರಿ ಹಿಡಿದಿಡುವ ವಿದ್ಯುತ್ತಿನ ಅಳತೆ) ಆಸುಪಾಸಿನದು. ಶೇ 1 ಎಂದರೆ 50 ಎಂಎಎಚ್. ಮೇಲೆ ಹೇಳಿದ ಫೋನು ಏಳು ಗಂಟೆಯಲ್ಲಿ ಶೇ 28 ಕಳೆದುಕೊಂಡಿದ್ದರೆ ಗಂಟೆಗೆ ಶೇ 4, ಅಂದರೆ ಸರಾಸರಿ 200 ಮಿಲಿಆಂಪ್. ಚೆನ್ನಾಗಿ ನಿದ್ದೆಗೆ ಜಾರಿದ ಫೋನು ಎಳೆಯುವುದು ಕೆಲವು ಹತ್ತು ಮಿಲಿಆಂಪ್‌ಗಳನ್ನು ಮಾತ್ರ. ಡೇಟಾ ಮತ್ತು ವೈಫೈ ಆನ್ ಇದ್ದೂ ಗಂಟೆಗೆ ಶೇ ಅರ್ಧದಿಂದ ಒಂದರವರೆಗಿನ ಇಳಿಕೆಯನ್ನು ನಾನು ಸಹಜವೆಂದೇ ಬಿಟ್ಟುಬಿಡುತ್ತೇನೆ. ಎರಡು ದಾಟಿದರೆ ಹುಡುಕಾಟ ಶುರು. ನಡುವೆ ಇದ್ದರೆ ಇನ್ನೂ ಒಂದು ರಾತ್ರಿ ಅಳೆದು ನೋಡಿ. ಒಂದು ರಾತ್ರಿಯ ಅಂಕಿಯನ್ನು ನಂಬಿ ಫೋನ್ ಬಿಚ್ಚಿಸುವುದು ಬೇಡ.

ಒಂದು ಎಚ್ಚರಿಕೆ. ಸಿಸ್ಟಂ ಅಪ್‌ಡೇಟ್ ಆದ ಮೊದಲ ಒಂದೆರಡು ದಿನ, ಹೊಸ ಫೋನಿಗೆ ಹಳೆಯದರಿಂದ ಎಲ್ಲವನ್ನೂ ಸಾಗಿಸಿದ ಹೊಸತರಲ್ಲಿ, ಅಥವಾ ಮದುವೆಯಲ್ಲಿ ನೂರಾರು ಫೋಟೊ ತೆಗೆದು ಬಂದ ರಾತ್ರಿ ಈ ಪರೀಕ್ಷೆ ಮಾಡಬೇಡಿ. ಆ್ಯಪ್‌ಗಳನ್ನು ಮರುಹೊಂದಿಸುವುದು, ಫೋಟೊಗಳನ್ನು ಕ್ಲೌಡ್‌ಗೆ ಏರಿಸುವುದು ಮುಂತಾದ ಕೆಲಸ ಒಳಗೆ ನಡೆಯುತ್ತಿರುತ್ತದೆ. ಅದು ಮುಗಿಯುವಂಥದ್ದು.

ಗ್ರಾಫಿನ ಆಕಾರವೇ ಅರ್ಧ ಉತ್ತರ

ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಒಂದು ಗ್ರಾಫ್ ಇರುತ್ತದೆ. ಆ್ಯಪ್‌ಗಳ ಪಟ್ಟಿಗೆ ಹಾರುವ ಮೊದಲು ಅದನ್ನು ನೋಡಿ. ಪಟ್ಟಿಗಿಂತ ಅದು ಹೆಚ್ಚು ಪ್ರಾಮಾಣಿಕ ಎಂಬುದು ನನ್ನ ಅಭಿಪ್ರಾಯ.

ರಾತ್ರಿಯಿಡೀ ಒಂದೇ ಸಮನೆ ಓರೆಯಾಗಿ ಇಳಿದಿದ್ದರೆ ಏನೋ ಒಂದು ನಿರಂತರವಾಗಿ ಎಚ್ಚರವಾಗಿದೆ. ದುರ್ಬಲ ಸಿಗ್ನಲ್, ಬಂದ್ ಮಾಡಲು ಮರೆತ ಹಾಟ್‌ಸ್ಪಾಟ್, ಪ್ರೊಸೆಸರನ್ನು ಮಲಗಲು ಬಿಡದ ಆ್ಯಪ್ ಇವುಗಳಲ್ಲೊಂದು. ಇಂಥ ಫೋನು ಬೆಳಗ್ಗೆ ಮುಟ್ಟಿದರೆ ಉಗುರುಬೆಚ್ಚಗೆ ಇರುವುದೂ ಉಂಟು.

ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದರೆ ನಿಗದಿತ ಹೊತ್ತಿಗೆ ನಡೆಯುವ ಕೆಲಸಗಳತ್ತ ನೋಡಿ. ವಾಟ್ಸ್‌ಆ್ಯಪ್ ತನ್ನ ದಿನದ ಬ್ಯಾಕಪ್ಪನ್ನು ಬೆಳಗಿನ ಜಾವ ಎರಡು ಗಂಟೆಗೆ ತೆಗೆಯುತ್ತದೆ; ಆ ಹೊತ್ತಿನ ಒಂದು ಸಣ್ಣ ಮೆಟ್ಟಿಲು ಸಹಜ. ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ. ದಿನಕ್ಕೆ ಇಷ್ಟು ಜಿಬಿ ಎಂಬ ಪ್ರೀಪೇಯ್ಡ್ ಪ್ಯಾಕ್ ಇರುವವರ ಡೇಟಾ ಸಂಜೆಗೇ ಮುಗಿದರೆ ವೇಗ ತೀರಾ ಕುಸಿದು, ಏರಿಸಬೇಕಾದ ಫೋಟೊಗಳು, ಇಳಿಸಬೇಕಾದ ಅಪ್‌ಡೇಟ್‌ಗಳು ಕಾಯುತ್ತ ಕೂರುತ್ತವೆ. ಮಧ್ಯರಾತ್ರಿ ಹನ್ನೆರಡಕ್ಕೆ ಹೊಸ ದಿನದ ಡೇಟಾ ಬಂದೊಡನೆ ಎಲ್ಲವೂ ಒಟ್ಟಿಗೆ ಹೊರಡಬಹುದು. ಹನ್ನೆರಡರ ನಂತರವೇ ದೊಡ್ಡ ಮೆಟ್ಟಿಲು ಕಂಡರೆ, ಫೋಟೊ ಬ್ಯಾಕಪ್ ಮತ್ತು ಆ್ಯಪ್ ಅಪ್‌ಡೇಟ್‌ಗಳನ್ನು ವೈಫೈ ಇದ್ದಾಗ ಮಾತ್ರ ಎಂದು ಬದಲಿಸಿ ಮತ್ತೊಂದು ರಾತ್ರಿ ನೋಡಿ.

ಮೂರನೆಯದು, ಕೆಲವೇ ನಿಮಿಷಗಳಲ್ಲಿ ಹದಿನೈದೋ ಇಪ್ಪತ್ತೋ ಶೇಕಡಾ ಧೊಪ್ಪೆಂದು ಬೀಳುವುದು. ಯಾವ ಆ್ಯಪ್‌ಗೂ ಅಷ್ಟು ಬೇಗ ಅಷ್ಟು ಶಕ್ತಿಯನ್ನು ನುಂಗಲು ಸಾಧ್ಯವಿಲ್ಲ. ಇದು ಬ್ಯಾಟರಿಯದೇ ದೋಷ, ಅಥವಾ ಅದನ್ನು ಅಳೆಯುವ ಗೇಜಿನದು. ಕೊನೆಯ ಭಾಗಕ್ಕೆ ನೇರವಾಗಿ ಹೋಗಿ.

ಪಟ್ಟಿ ಓದುವಾಗ ಆಗುವ ಎಡವಟ್ಟು

‘ಒಂದೇ ಆ್ಯಪ್ ಶೇ 40 ತಿಂದಿದೆ’ ಎಂದು ಗಾಬರಿಯಾಗಿ ಆ ಆ್ಯಪನ್ನೇ ತೆಗೆದುಹಾಕುವವರಿದ್ದಾರೆ. ಅನೇಕ ಫೋನುಗಳಲ್ಲಿ ಆ ಅಂಕಿ ಬ್ಯಾಟರಿಯ ಶೇ 40 ಆಗಿರುವುದಿಲ್ಲ. ಖರ್ಚಾದದ್ದರಲ್ಲಿ ಶೇ 40 ಆಗಿರುತ್ತದೆ. ರಾತ್ರಿ ಒಟ್ಟು ಶೇ 5 ಇಳಿದಿದ್ದರೆ ಅದರ ಪಾಲು ಬ್ಯಾಟರಿಯ ಶೇ 2 ಮಾತ್ರ. ನಿಮ್ಮ ಫೋನಿನದು ಯಾವ ಬಗೆಯ ಲೆಕ್ಕ ಎಂದು ತಿಳಿಯಲು ಪಟ್ಟಿಯ ಅಂಕಿಗಳನ್ನೆಲ್ಲ ಕೂಡಿಸಿ. ಮೊತ್ತ ನೂರರ ಹತ್ತಿರ ಬಂದರೆ ಅವು ಪಾಲುಗಳು. ಒಟ್ಟು ಇಳಿಕೆಗೆ ಸಮನಾದರೆ ಅವು ನಿಜವಾದ ಬ್ಯಾಟರಿ ಶೇಕಡಾ.

ಶೇಕಡಾಕ್ಕಿಂತ ಮುಖ್ಯವಾದುದು ಹೊತ್ತು. ಆ್ಯಪ್ ಹೆಸರನ್ನು ಒತ್ತಿದರೆ ಪರದೆಯ ಮೇಲೆ ಇದ್ದದ್ದು ಎಷ್ಟು, ಹಿನ್ನೆಲೆಯಲ್ಲಿ ಇದ್ದದ್ದು ಎಷ್ಟು ಎಂದು ಬೇರೆ ಬೇರೆ ತೋರಿಸುತ್ತದೆ. ಹಾಡು ಕೇಳಿಸುವ ಆ್ಯಪ್ ಹಿನ್ನೆಲೆಯಲ್ಲಿ ಎರಡು ಗಂಟೆ ಇದ್ದರೆ ಅದರ ಕೆಲಸವೇ ಅದು. ಪಂಚಾಂಗದ ಆ್ಯಪ್ ಪರದೆಯ ಮೇಲೆ ಮೂರು ನಿಮಿಷ, ಹಿನ್ನೆಲೆಯಲ್ಲಿ ಐದು ಗಂಟೆ ಇದ್ದರೆ ತಿಥಿ ನಕ್ಷತ್ರ ಲೆಕ್ಕ ಹಾಕಲು ಅಷ್ಟು ಹೊತ್ತು ಬೇಕಿಲ್ಲ ಎಂಬುದು ಯಾರಿಗಾದರೂ ಗೊತ್ತು.

‘ಗೂಗಲ್ ಪ್ಲೇ ಸರ್ವೀಸಸ್’ ಪಟ್ಟಿಯ ತುದಿಯಲ್ಲಿ ಕುಳಿತಿದ್ದರೆ ಅದನ್ನು ಬಯ್ದು ಪ್ರಯೋಜನವಿಲ್ಲ. ಸ್ಥಳ ಹುಡುಕುವುದು, ಸಂದೇಶ ತಲುಪಿಸುವುದು, ಖಾತೆಗಳನ್ನು ಹೊಂದಿಸುವುದು ಇವನ್ನೆಲ್ಲ ಅದು ಬೇರೆ ಆ್ಯಪ್‌ಗಳ ಪರವಾಗಿ ಮಾಡುತ್ತದೆ. ಕೆಲಸ ಹೇಳಿದವರು ಯಾರು ಎಂದು ತಿಳಿಯಲು ಲೊಕೇಶನ್ ಸೆಟ್ಟಿಂಗ್‌ನಲ್ಲಿ ಇತ್ತೀಚೆಗೆ ಸ್ಥಳ ಕೇಳಿದ ಆ್ಯಪ್‌ಗಳ ಪಟ್ಟಿ ನೋಡಿ. ನಿಂತುಹೋದ ಹಳೆಯ ಕಚೇರಿಯ ಇಮೇಲ್ ಖಾತೆ ಇನ್ನೂ ಫೋನಿನಲ್ಲಿದ್ದು, ಪಾಸ್‌ವರ್ಡ್ ತಪ್ಪಾಗಿ ಮತ್ತೆ ಮತ್ತೆ ಪ್ರಯತ್ನಿಸುತ್ತಿದೆಯೇ ಎಂದು ಖಾತೆಗಳ ಭಾಗದಲ್ಲೂ ನೋಡಿ.

ಎರಡನೆಯ ರಾತ್ರಿ: ಏರ್‌ಪ್ಲೇನ್ ಮೋಡ್

ಪಟ್ಟಿಯಲ್ಲಿ ಸ್ಪಷ್ಟ ಉತ್ತರ ಸಿಗದಿದ್ದರೆ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ವೈಫೈ ಮತ್ತು ಬ್ಲೂಟೂತ್ ಕೂಡ ಆರಿವೆ ಎಂದು ಖಚಿತಪಡಿಸಿಕೊಂಡು ಮಲಗಿ. ಅಲಾರಂ ಹೊಡೆಯುತ್ತದೆ, ಚಿಂತೆ ಬೇಡ. ಆದರೆ ಕರೆ ಬರುವುದಿಲ್ಲ. ಮನೆಯಲ್ಲಿ ಅದೊಂದೇ ಫೋನಿದ್ದು, ಊರಲ್ಲಿ ಕಾಯಿಲೆಯವರಿದ್ದರೆ ಈ ಪರೀಕ್ಷೆಯನ್ನು ರಜೆಯ ದಿನ ಮಧ್ಯಾಹ್ನ ಮೂರು ನಾಲ್ಕು ಗಂಟೆ ಮಾಡಿ, ಸಾಕು.

ಬೆಳಗ್ಗೆ ಇಳಿಕೆ ಒಂದೆರಡು ಶೇಕಡಾಕ್ಕೆ ನಿಂತಿದ್ದರೆ ಬ್ಯಾಟರಿ ಸರಿ ಇದೆ, ಒಳಗಿನ ಸರ್ಕ್ಯೂಟ್ ಬೋರ್ಡ್ ಸರಿ ಇದೆ. ದೋಷ ಸಂಪರ್ಕದ ಕಡೆಗಿದೆ. ಮುಂದಿನ ರಾತ್ರಿ ಏರ್‌ಪ್ಲೇನ್ ಮೋಡಿನಲ್ಲೇ ಇಟ್ಟು ವೈಫೈ ಮಾತ್ರ ಆನ್ ಮಾಡಿ. ಆಗಲೂ ಇಳಿಕೆ ಕಡಿಮೆ ಇದ್ದರೆ ಮೊಬೈಲ್ ನೆಟ್‌ವರ್ಕ್ ಮೇಲೆ ಅನುಮಾನ. ವೈಫೈ ಬಂದೊಡನೆ ಇಳಿಕೆ ಏರಿದರೆ ಇಂಟರ್ನೆಟ್ಟಿಗೆ ಜೋತುಬಿದ್ದ ಯಾವುದೋ ಆ್ಯಪ್ ಮೇಲೆ.

ಏರ್‌ಪ್ಲೇನ್ ಮೋಡಿನಲ್ಲೂ ಮೊದಲಿನಷ್ಟೇ ಇಳಿದಿದ್ದರೆ ನೆಟ್‌ವರ್ಕಿಗೆ ಸಂಬಂಧವಿಲ್ಲ. ಪ್ರೊಸೆಸರನ್ನು ಎಬ್ಬಿಸುತ್ತಿರುವ ಆ್ಯಪ್ ಇರಬಹುದು. ಜಿಪಿಎಸ್ ಕೂಡ ಇರಬಹುದು: ಅದು ಉಪಗ್ರಹದಿಂದ ಸಂಕೇತ ಪಡೆಯುವುದಷ್ಟೇ ಆದ್ದರಿಂದ ಏರ್‌ಪ್ಲೇನ್ ಮೋಡಿನಲ್ಲೂ ಕೆಲಸ ಮಾಡುತ್ತದೆ. ಇಲ್ಲವಾದರೆ ಬ್ಯಾಟರಿ ಅಥವಾ ಬೋರ್ಡ್.

ಟವರ್‌ಗಾಗಿ ಕಿರುಚುವ ಫೋನು

ಮೊಬೈಲ್ ನೆಟ್‌ವರ್ಕ್ ಎಂದು ಗೊತ್ತಾದವರು ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕರ್ನಾಟಕದ ಅರ್ಧ ಭಾಗದಲ್ಲಿ ನಿಜವಾದ ಕಾರಣ ಇದೇ ಎಂಬ ಅನುಮಾನ ನನ್ನದು. ಫೋನು ಟವರ್‌ಗೆ ತಾನೂ ಸಂಕೇತ ಕಳುಹಿಸಬೇಕು. ಟವರ್ ಹತ್ತಿರವಿದ್ದರೆ ಒಂದು ಮಿಲಿವ್ಯಾಟ್ ಅಥವಾ ಅದಕ್ಕಿಂತ ಕಡಿಮೆ ಶಕ್ತಿ ಸಾಕು. ದೂರವಿದ್ದರೆ ಅದು ದನಿ ಏರಿಸುತ್ತ ಹೋಗುತ್ತದೆ. ಸಾಮಾನ್ಯ 4ಜಿ ಫೋನಿನ ಗರಿಷ್ಠ ಮಿತಿ 23 ಡಿಬಿಎಂ (ಸಂಕೇತದ ಬಲ ಅಳೆಯುವ ಮಾನ), ಅಂದರೆ 200 ಮಿಲಿವ್ಯಾಟ್. ಇನ್ನೂರು ಪಟ್ಟಿನ ವ್ಯತ್ಯಾಸ! ಸಿಗ್ನಲ್ ಪೂರ್ತಿ ತಪ್ಪಿದರೆ ಎಲ್ಲ ತರಂಗಪಟ್ಟಿಗಳಲ್ಲೂ ಹುಡುಕುವ ಕೆಲಸ ಬೇರೆ.

ತೀರ್ಥಹಳ್ಳಿ ಕಡೆಯ ಗುಡ್ಡದ ಮರೆಯ ಮನೆಯೊಂದರಲ್ಲಿ ಎರಡು ಸಿಮ್ಮಿನ ಫೋನೊಂದು ರಾತ್ರಿಯಲ್ಲಿ ಕಾಲು ಭಾಗ ಇಳಿಯುತ್ತಿತ್ತು. ಅದೇ ಫೋನು ಶಿವಮೊಗ್ಗದಲ್ಲಿ ಮಗಳ ಮನೆಗೆ ಹೋದಾಗ ಸರಿಯಿರುತ್ತಿತ್ತು. ಬ್ಯಾಟರಿ ಬದಲಿಸಿದ್ದೂ ಆಗಿತ್ತು. ಎರಡನೆಯ ಸಿಮ್ಮಿಗೆ ಆ ಮನೆಯಲ್ಲಿ ಟವರ್ ಸಿಗುತ್ತಲೇ ಇರಲಿಲ್ಲ. ರೀಚಾರ್ಜ್ ಮಾಡದೆಯೂ ಬಹಳ ಕಾಲವಾಗಿತ್ತು. ಹಳೆಯ ನಂಬರು ಇರಲಿ ಎಂದು ಹಾಗೇ ಇಟ್ಟಿದ್ದರು. ಸೆಟ್ಟಿಂಗ್‌ನಲ್ಲಿ ಆ ಸಿಮ್ಮನ್ನು ಆಫ್ ಮಾಡಿದ ರಾತ್ರಿಯೇ ಇಳಿಕೆ ಒಂದಂಕಿಗೆ ಬಂತು. ಊರು ಬದಲಾದಾಗ ದೋಷ ಮಾಯವಾಗುತ್ತದೆ ಎಂಬ ಮಾತು ಕೇಳಿದರೆ ಬ್ಯಾಟರಿಯ ಹತ್ತಿರ ಹೋಗಲೇಬೇಡಿ.

ಸಿಗ್ನಲ್ಲಿನ ಕಡ್ಡಿಗಳನ್ನು ನಂಬಬೇಡಿ, ಅಂಕಿ ನೋಡಿ. ‘ಅಬೌಟ್ ಫೋನ್’ ಒಳಗಿನ ಸಿಮ್ ಸ್ಟೇಟಸ್‌ನಲ್ಲಿ ಸಿಗ್ನಲ್ ಬಲವನ್ನು ಡಿಬಿಎಂನಲ್ಲಿ ತೋರಿಸುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೂ ಸಿಗುತ್ತದೆ. 4ಜಿಯಲ್ಲಿ ಮೈನಸ್ 90ರ ಆಚೀಚೆ ಇದ್ದರೆ ನೆಮ್ಮದಿ, ಮೈನಸ್ 110 ದಾಟಿದರೆ ಫೋನು ಕಷ್ಟಪಡುತ್ತಿದೆ, ಮೈನಸ್ 120ರಲ್ಲಿ ಒದ್ದಾಡುತ್ತಿದೆ. ಹತ್ತು ಡಿಬಿ ವ್ಯತ್ಯಾಸ ಎಂದರೆ ಹತ್ತು ಪಟ್ಟು ಎಂಬುದು ನೆನಪಿರಲಿ. ಫೋನನ್ನು ಗೋದ್ರೇಜ್ ಬೀರುವಿನ ಪಕ್ಕದಿಂದ ಕಿಟಕಿಯ ಬಳಿಗೆ ಒಯ್ದರೂ ಅಂಕಿ ಬದಲಾಗುತ್ತದೆ, ನೋಡಿ.

2022ರ ಅಕ್ಟೋಬರ್‌ನಲ್ಲಿ ದೇಶಕ್ಕೆ 5ಜಿ ಬಂದ ಮೇಲೆ ಇನ್ನೊಂದು ತಲೆನೋವು ಸೇರಿದೆ. 5ಜಿ ವ್ಯಾಪ್ತಿಯ ಅಂಚಿನಲ್ಲಿರುವ ಮನೆಗಳಲ್ಲಿ ಫೋನು 4ಜಿಗೂ 5ಜಿಗೂ ನಡುವೆ ಓಡಾಡುತ್ತಲೇ ಇರುತ್ತದೆ. 4ಜಿಯ ಮೇಲೆಯೇ ಕಟ್ಟಿದ 5ಜಿ ಜಾಲಗಳಲ್ಲಂತೂ ಎರಡೂ ಸಂಪರ್ಕಗಳನ್ನು ಹಿಡಿದಿರಬೇಕಾಗುತ್ತದೆ. ನೆಟ್‌ವರ್ಕ್ ಬಗೆಯನ್ನು 4ಜಿಗೆ ಇಳಿಸಿ ಒಂದು ರಾತ್ರಿ ಅಳೆದರೆ ವಿಷಯ ತಿಳಿಯುತ್ತದೆ. ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದು, ಹ್ಯಾಂಡ್‌ಸೆಟ್ ಮತ್ತು ಸಿಮ್ ಎರಡೂ ವೈಫೈ ಕಾಲಿಂಗ್‌ಗೆ ಒಪ್ಪಿದರೆ ಅದನ್ನು ಆನ್ ಮಾಡಿಕೊಳ್ಳಿ. ಆಮೇಲೆ ಏರ್‌ಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಇಟ್ಟುಕೊಂಡರೂ ಕರೆ ಬರುತ್ತದೆ. ಬೇರೊಂದು ನಂಬರಿನಿಂದ ಒಮ್ಮೆ ಕರೆ ಮಾಡಿ ಖಾತ್ರಿ ಮಾಡಿಕೊಂಡೇ ಮಲಗಿ.

ಆ್ಯಪ್ ಮೇಲೆ ಅನುಮಾನವಾದರೆ

ಆಂಡ್ರಾಯ್ಡ್‌ಗೆ 2015ರ 6.0 ಆವೃತ್ತಿಯಲ್ಲಿ ಡೋಜ್ ಎಂಬ ವ್ಯವಸ್ಥೆ ಬಂತು. ಪರದೆ ಆರಿ, ಚಾರ್ಜರ್ ಇಲ್ಲದೆ, ಅಲುಗಾಡದೆ ಬಿದ್ದ ಫೋನಿನಲ್ಲಿ ಆ್ಯಪ್‌ಗಳ ಇಂಟರ್ನೆಟ್ ಬಳಕೆಯನ್ನು ತಡೆದು, ಆಗಾಗ ಒಂದು ಸಣ್ಣ ಅವಧಿ ಬಿಟ್ಟುಕೊಡುತ್ತದೆ. ಹಾಗಿದ್ದೂ ಆ್ಯಪ್ ರಾತ್ರಿಯಿಡೀ ಎಚ್ಚರವಿದೆ ಎಂದರೆ ಬಹಳ ಸಲ ಅದಕ್ಕೆ ನಾವೇ ವಿನಾಯಿತಿ ಕೊಟ್ಟಿರುತ್ತೇವೆ. ‘ಸರಿಯಾಗಿ ಕೆಲಸ ಮಾಡಲು ಬ್ಯಾಟರಿ ನಿರ್ಬಂಧ ತೆಗೆಯಿರಿ’ ಎಂದು ಆ್ಯಪ್ ಕೇಳಿದಾಗ ಓದದೆ ಸರಿ ಎಂದದ್ದು ನೆನಪಿದೆಯೇ? ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್ ತೆರೆದು ‘ಅನಿರ್ಬಂಧಿತ’ ಎಂದಿರುವುದನ್ನು ‘ಆಪ್ಟಿಮೈಸ್ಡ್’ ಮಾಡಿ ಒಂದು ರಾತ್ರಿ, ಸಾಲದಿದ್ದರೆ ‘ನಿರ್ಬಂಧಿತ’ ಮಾಡಿ ಇನ್ನೊಂದು ರಾತ್ರಿ ನೋಡಿ. ಸಕ್ಕರೆ ಕಾಯಿಲೆಯ ಸೆನ್ಸರ್, ಸ್ಮಾರ್ಟ್‌ವಾಚ್ ಇವುಗಳ ಆ್ಯಪ್‌ಗಳಿಗೆ ವಿನಾಯಿತಿ ನಿಜಕ್ಕೂ ಬೇಕು, ಅವನ್ನು ಮುಟ್ಟಬೇಡಿ. ಸ್ಥಳದ ಅನುಮತಿ ‘ಯಾವಾಗಲೂ’ ಎಂದಿರುವ ಆ್ಯಪ್‌ಗಳಿಗೆ ‘ಬಳಸುವಾಗ ಮಾತ್ರ’ ಎಂದು ಬದಲಿಸಿ.

ಇತ್ತೀಚಿನ ಆ್ಯಪ್‌ಗಳ ಪಟ್ಟಿ ತೆರೆದು ಎಲ್ಲವನ್ನೂ ಮೇಲಕ್ಕೆ ತಳ್ಳಿ ಒರೆಸಿಹಾಕುವ ಚಟ ಅನೇಕರಿಗಿದೆ. ಅದರಿಂದ ಬ್ಯಾಟರಿ ಉಳಿಯುವುದಿಲ್ಲ ಎಂದು ಆಂಡ್ರಾಯ್ಡ್ ವಿಭಾಗವನ್ನು ನಡೆಸುತ್ತಿದ್ದ ಹಿರೋಷಿ ಲಾಕ್‌ಹೈಮರ್, ಆಪಲ್‌ನ ಕ್ರೇಗ್ ಫೆಡರಿಘಿ ಇಬ್ಬರೂ 2016ರಲ್ಲೇ ಹೇಳಿದ್ದಾರೆ. ಮುಚ್ಚಿದ ಆ್ಯಪನ್ನು ಮತ್ತೆ ಮೊದಲಿನಿಂದ ತೆರೆಯಲು ಇನ್ನಷ್ಟು ಶಕ್ತಿ ಬೇಕು. ಬ್ಯಾಟರಿ ಉಳಿಸುವೆನೆಂದು ಹೇಳಿಕೊಂಡು ಜಾಹೀರಾತು ತೋರಿಸುವ ಆ್ಯಪ್‌ಗಳನ್ನು ಮಾತ್ರ ಅನುಮಾನವಿಲ್ಲದೆ ಅಳಿಸಿ.

ಪ್ಲೇ ಸ್ಟೋರಿನಿಂದ ಬಾರದ ಆ್ಯಪ್ ಪಟ್ಟಿಯಲ್ಲಿ ಕಂಡರೆ, ಅದರಲ್ಲೂ ಮದುವೆ ಕರೆಯೋಲೆ, ಆರ್‌ಟಿಒ ದಂಡದ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬಂದ ಎಪಿಕೆ (ಆ್ಯಪ್ ಹಾಕುವ) ಕಡತವನ್ನು ಒತ್ತಿದ ಮೇಲೆ ಬ್ಯಾಟರಿ ಇಳಿಯತೊಡಗಿದ್ದರೆ, ಬ್ಯಾಟರಿಯ ಚಿಂತೆ ಬಿಡಿ. ಇಂಟರ್ನೆಟ್ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ, ಹಣ ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸೇಫ್ ಮೋಡ್, ಆಮೇಲೆ ಸ್ವಿಚ್ ಆಫ್

ಯಾವ ಆ್ಯಪ್ ಎಂದು ಹೊಳೆಯದಿದ್ದರೆ ಸೇಫ್ ಮೋಡಿನಲ್ಲಿ ಒಂದು ರಾತ್ರಿ. ಹೆಚ್ಚಿನ ಫೋನುಗಳಲ್ಲಿ ಪವರ್ ಆಫ್ ಆಯ್ಕೆಯನ್ನು ಒತ್ತಿ ಹಿಡಿದರೆ ಇದು ಬರುತ್ತದೆ. ನೀವು ಹಾಕಿಕೊಂಡ ಆ್ಯಪ್‌ಗಳೆಲ್ಲ ನಿಲ್ಲುತ್ತವೆ, ಫೋನಿನೊಂದಿಗೆ ಬಂದವು ಮಾತ್ರ ಓಡುತ್ತವೆ. ಇಳಿಕೆ ನಿಂತರೆ ದೋಷ ನೀವು ಹಾಕಿದ್ದರಲ್ಲೇ ಇದೆ. ತೊಂದರೆ ಶುರುವಾದ ವಾರ ಸೇರಿಸಿದ ಅಥವಾ ಅಪ್‌ಡೇಟ್ ಆದವುಗಳಿಂದ ಆರಂಭಿಸಿ ತೆಗೆಯುತ್ತ ಬನ್ನಿ. ಕಂಪ್ಯೂಟರ್ ಬಲ್ಲವರು ಎಡಿಬಿ (ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಸಾಧನ) ಮೂಲಕ ಬ್ಯಾಟರಿ ವರದಿ ತೆಗೆದು, ಯಾವ ಆ್ಯಪ್ ಎಷ್ಟು ಹೊತ್ತು ವೇಕ್‌ಲಾಕ್ (ಫೋನನ್ನು ಮಲಗಲು ಬಿಡದ ಹಿಡಿತ) ಹಿಡಿದಿತ್ತು ಎಂದು ನೇರವಾಗಿಯೇ ನೋಡಬಹುದು.

ಸೇಫ್ ಮೋಡಿನಲ್ಲೂ, ಏರ್‌ಪ್ಲೇನ್ ಮೋಡಿನಲ್ಲೂ ಇಳಿದರೆ ಕಡೆಯ ಪರೀಕ್ಷೆ: ಫೋನನ್ನು ಪೂರ್ತಿ ಸ್ವಿಚ್ ಆಫ್ ಮಾಡಿ ಮಲಗಿ. ಬೆಳಗ್ಗೆ ಆನ್ ಮಾಡಿದಾಗ ಒಂದೆರಡು ಶೇಕಡಾ ವ್ಯತ್ಯಾಸ ಇರಬಹುದು, ಆನ್ ಆಗುವುದಕ್ಕೇ ಸ್ವಲ್ಪ ಬೇಕು. ಅದಕ್ಕಿಂತ ಗಣನೀಯವಾಗಿ ಹೆಚ್ಚಿದ್ದರೆ ಬ್ಯಾಟರಿ ಅಥವಾ ಬೋರ್ಡಿನಲ್ಲಿ ಸೋರಿಕೆ ಇದೆ. ಹಿಂದೊಮ್ಮೆ ನೀರಿಗೆ ಬಿದ್ದ ಫೋನುಗಳಲ್ಲಿ ಇದು ಅಪರೂಪವಲ್ಲ. ಇದನ್ನು ಸೆಟ್ಟಿಂಗ್‌ನಿಂದ ಸರಿಪಡಿಸಲಾಗದು.

ಐಫೋನಿನಲ್ಲಿ ಸೇಫ್ ಮೋಡ್ ಇಲ್ಲ. ಉಳಿದ ಕ್ರಮ ಒಂದೇ. ಬ್ಯಾಟರಿ ಪುಟದಲ್ಲಿ ಹಿನ್ನೆಲೆಯ ಚಟುವಟಿಕೆ ನೋಡಿ, ಅನುಮಾನ ಬಂದ ಆ್ಯಪ್‌ಗೆ ‘ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್’ ಆರಿಸಿ ಅಳೆಯಿರಿ.

ಬ್ಯಾಟರಿಯೇ ಮುದಿಯಾಗಿದ್ದರೆ

ಹಳೆಯ ಬ್ಯಾಟರಿಯ ಲಕ್ಷಣ ಬೇರೆ. ಶೇ 30ರಲ್ಲಿ ಕ್ಯಾಮೆರಾ ತೆರೆದೊಡನೆ ಫೋನು ಆರುತ್ತದೆ, ಚಾರ್ಜರ್ ಹಾಕಿದರೆ ಮತ್ತೆ ಶೇ 25 ಎನ್ನುತ್ತದೆ. ವಯಸ್ಸಾದ ಬ್ಯಾಟರಿಯ ಒಳರೋಧ ಹೆಚ್ಚಿ, ಒಮ್ಮೆಲೇ ಹೆಚ್ಚು ವಿದ್ಯುತ್ ಕೇಳಿದಾಗ ವೋಲ್ಟೇಜ್ ಕುಸಿಯುವುದರಿಂದ ಹೀಗಾಗುತ್ತದೆ. ಇಂಥ ಕುಸಿತ ತಡೆಯಲೆಂದೇ ಆಪಲ್ ಹಳೆಯ ಐಫೋನುಗಳ ವೇಗ ತಗ್ಗಿಸಿ, 2017ರ ಡಿಸೆಂಬರ್‌ನಲ್ಲಿ ಕ್ಷಮೆ ಕೇಳಬೇಕಾಗಿ ಬಂತು. ಮರುವರ್ಷ ಬ್ಯಾಟರಿಯ ಆರೋಗ್ಯ ತೋರಿಸುವ ಪುಟ ಐಒಎಸ್ 11.3ರಲ್ಲಿ ಸೇರಿತು. ಆಪಲ್ ಲೆಕ್ಕದಲ್ಲಿ ಐಫೋನ್ 14ರವರೆಗಿನ ಬ್ಯಾಟರಿ 500 ಪೂರ್ಣ ಚಾರ್ಜ್ ಆವರ್ತಗಳಲ್ಲಿ, ಐಫೋನ್ 15ರ ಬ್ಯಾಟರಿ 1000 ಆವರ್ತಗಳಲ್ಲಿ ಶೇ 80ರ ಸಾಮರ್ಥ್ಯ ಉಳಿಸಿಕೊಳ್ಳುತ್ತದೆ. ಸ್ಯಾಮ್‌ಸಂಗ್‌ನಲ್ಲಿ ‘ಸ್ಯಾಮ್‌ಸಂಗ್ ಮೆಂಬರ್ಸ್’ ಆ್ಯಪ್‌ನ ತಪಾಸಣೆ ವಿಭಾಗ ಇಂಥ ಮಾಹಿತಿ ಕೊಡುತ್ತದೆ.

ಬಿಸಿಲು ಈ ಮುದಿತನವನ್ನು ಬೇಗ ತರುತ್ತದೆ. ಐಫೋನ್ ಬಳಸಲು ಆಪಲ್ ಹೇಳುವ ಹೊರಗಿನ ಉಷ್ಣಾಂಶದ ಗರಿಷ್ಠ ಮಿತಿ 35 ಡಿಗ್ರಿ ಸೆಲ್ಸಿಯಸ್. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ನೆರಳಿನಲ್ಲೇ ನಲವತ್ತು ದಾಟುವಾಗ ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿಸಿ ಮ್ಯಾಪ್ ಹಾಕಿಕೊಂಡು, ಜೊತೆಗೆ ಚಾರ್ಜಿಗೂ ಹಾಕಿದ ಫೋನಿನ ಗತಿ ಊಹಿಸಿ.

ಹಿಂಬದಿಯ ಮುಚ್ಚಳ ಎದ್ದಿದ್ದರೆ, ಪರದೆ ಅಂಚಿನಲ್ಲಿ ಉಬ್ಬಿದ್ದರೆ ಯಾವ ಪರೀಕ್ಷೆಯೂ ಬೇಡ. ಚಾರ್ಜ್ ಹಾಕುವುದನ್ನು ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ, ದಿಂಬಿನ ಕೆಳಗೆ ಇಡಬೇಡಿ; ಅಂಗಡಿಗೆ ಒಯ್ಯಿರಿ. ತೆಗೆದ ಬ್ಯಾಟರಿ ಕಸದ ಬುಟ್ಟಿಗೆ ಹೋಗಬಾರದು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಹೋಗಬೇಕು.

ಪರದೆ ಹೊತ್ತಿದ್ದಾಗಿನ ಖರ್ಚಿನ ಬಗ್ಗೆ ಒಂದೇ ಮಾತು: ಬೆಳಕು ತಗ್ಗಿಸಿ. ಡಾರ್ಕ್ ಮೋಡನ್ನು ಅತಿಯಾಗಿ ನಂಬಬೇಡಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಓಎಲ್‌ಇಡಿ (ಪ್ರತಿ ಚುಕ್ಕೆಯೂ ತಾನೇ ಬೆಳಗುವ) ಪರದೆಗಳ ಮೇಲೆ ಅಳೆದಾಗ ಪೂರ್ತಿ ಬೆಳಕಿನಲ್ಲಿ ಸರಾಸರಿ ಶೇ 39ರಿಂದ 47 ಉಳಿತಾಯ ಕಂಡಿತು. ಒಳಾಂಗಣದಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವ ಶೇ 30ರಿಂದ 50ರ ಬೆಳಕಿನಲ್ಲಿ ಉಳಿದದ್ದು ಶೇ 3ರಿಂದ 9 ಮಾತ್ರ. ಎಲ್‌ಸಿಡಿ ಪರದೆಯಲ್ಲಿ ಹಿಂದಿನ ದೀಪ ಹೇಗೂ ಉರಿಯುತ್ತಿರುವುದರಿಂದ ಆ ಲಾಭವೂ ಇಲ್ಲ.

ರಿಪೇರಿ ಅಂಗಡಿಗೆ ಹೋಗುವಾಗ ಬರೆದಿಟ್ಟ ಕಾಗದ ಜೊತೆಗಿರಲಿ. ‘ಚಾರ್ಜ್ ನಿಲ್ಲುವುದಿಲ್ಲ’ ಎಂದಷ್ಟೇ ಹೇಳಿದರೆ ‘ಬ್ಯಾಟರಿ ಹಾಕಿಬಿಡೋಣ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಮಾಮೂಲಿಯಾಗಿ ಇಟ್ಟರೆ ಗಂಟೆಗೆ ಶೇ 4, ಏರ್‌ಪ್ಲೇನ್ ಮೋಡಿನಲ್ಲೂ ಶೇ 4, ಸೇಫ್ ಮೋಡಿನಲ್ಲೂ ಅಷ್ಟೇ, ಸ್ವಿಚ್ ಆಫ್ ಮಾಡಿದರೂ ರಾತ್ರಿಗೆ ಶೇ 10 ಹೋಗುತ್ತದೆ’ ಎಂದು ಹೇಳಿ. ಕೆಲಸ ಬಲ್ಲ ಮೆಕ್ಯಾನಿಕ್ ಬ್ಯಾಟರಿಯನ್ನು ಬಿಡಿಸಿ ಬೋರ್ಡಿಗೆ ಪವರ್ ಸಪ್ಲೈ ಜೋಡಿಸಿ, ಆರಿದ ಬೋರ್ಡು ಎಷ್ಟು ವಿದ್ಯುತ್ ಎಳೆಯುತ್ತಿದೆ ಎಂದು ಮೀಟರಿನಲ್ಲಿ ನೋಡುತ್ತಾನೆ. ಬೋರ್ಡು ಏನೂ ಎಳೆಯದಿದ್ದರೆ ಬ್ಯಾಟರಿ ಬದಲಿಸಿ. ಎಳೆಯುತ್ತಿದ್ದರೆ ಹೊಸ ಬ್ಯಾಟರಿಗೆ ಕೊಡುವ ಹಣವನ್ನು ಕೈಯಲ್ಲೇ ಇಟ್ಟುಕೊಂಡು ಬೋರ್ಡಿನ ರಿಪೇರಿಗೆ ಎಷ್ಟಾಗುತ್ತದೆ ಎಂದು ಕೇಳಿ.